ಕ್ಲಚ್ ಸೆಟ್ ಬದಲಿಸುವ ಮುಂಚೆ ಆ ಪುಟ್ಟ ಮುಚ್ಚಳ ತೆಗೆಯಿರಿ

ಪ್ರಶ್ನೆ: ನನ್ನದು 1978ರ ಬುಲೆಟ್ 350, ತಂದೆಯವರ ಗಾಡಿ. ದಿನಾ ಆಫೀಸಿಗೂ ಅದರಲ್ಲೇ ಹೋಗುತ್ತೇನೆ. ಕಳೆದ ತಿಂಗಳು ಹೊಸ ಕ್ಲಚ್ ಕೇಬಲ್ ಹಾಕಿಸಿ, ಕ್ಲಚ್ ಕೂತಿರುವ ಚೈನ್‌ಕೇಸ್ ಆಯಿಲ್ಲನ್ನೂ ಬದಲಿಸಿದೆ. ಈಚೆಗೆ ನಂದಿ ಬೆಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕೂಗಿಕೊಂಡಿತೇ ಹೊರತು ಗಾಡಿ ಎಳೆಯಲಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ. ಬಿಸಿಯಾದ ಮೇಲೆ ಕೆಲವೊಮ್ಮೆ ಕಿಕ್ ಕೂಡ ಜಾರುತ್ತದೆ. ಕ್ಲಚ್ ಹೋಗಿದೆ, ಪೂರ್ತಿ ಸೆಟ್ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ವಿಂಟೇಜ್ ಗಾಡಿ, ಸಿಕ್ಕಸಿಕ್ಕ ಪಾರ್ಟ್ ಹಾಕಿಸಲು ಮನಸ್ಸಿಲ್ಲ. ಏನು ಮಾಡಲಿ?
ಓದುಗರೊಬ್ಬರು, ಹನುಮಂತನಗರ

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ ಸ್ವಾಮಿ. ಹೊಸ ಕೇಬಲ್, ಹೊಸ ಆಯಿಲ್, ಬಿಸಿಯಾದ ಮೇಲೆ ಮಾತ್ರ ತೊಂದರೆ. ಈ ಮೂರೂ ಒಟ್ಟಿಗೆ ಬಂದಾಗ ನಾನು ಕ್ಲಚ್ ಪ್ಲೇಟಿನ ಮೇಲೆ ಅನುಮಾನ ಪಡುವುದು ಕೊನೆಗೆ. ಸವೆದ ಕ್ಲಚ್ ಹೀಗೆ ಒಂದೇ ತಿಂಗಳಲ್ಲಿ ಕೈಕೊಡುವುದು ಅಪರೂಪ. ಅದು ತಿಂಗಳುಗಟ್ಟಲೆ ಸೂಚನೆ ಕೊಟ್ಟು ಕೊಟ್ಟು ಹೋಗುತ್ತದೆ.

ಮೊದಲು ಜಾರುತ್ತಿರುವುದು ಕ್ಲಚ್ಚೇ ಎಂದು ಖಾತ್ರಿ ಮಾಡಿಕೊಳ್ಳಿ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ ಸುಮಾರು 40ರ ವೇಗಕ್ಕೆ ಬಂದು ಥ್ರಾಟಲ್ ಪೂರ್ತಿ ತಿರುಗಿಸಿ. ಸದ್ದು ಒಮ್ಮೆಲೇ ಏರಿ, ಸ್ಪೀಡೋಮೀಟರ್ ಮುಳ್ಳು ಇದ್ದಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ಏರದೆ ಗಾಡಿ ಮುಕ್ಕರಿಯುತ್ತಿದ್ದರೆ ಕ್ಲಚ್ ಬಿಡಿ, ಕಾರ್ಬುರೇಟರ್, ಟೈಮಿಂಗ್, ಕಂಪ್ರೆಷನ್ ಕಡೆ ನೋಡಿ.

ಕಿಕ್ ವಿಷಯಕ್ಕೆ ಬಂದರೆ, ಬುಲೆಟ್‌ನಲ್ಲಿ ನಿಮ್ಮ ಕಾಲಿನ ಬಲ ಗೇರ್‌ಬಾಕ್ಸಿಗೆ ಹೋಗಿ, ಅಲ್ಲಿಂದ ಕ್ಲಚ್ ಮೂಲಕವೇ ಇಂಜಿನ್ನಿಗೆ ತಲುಪಬೇಕು. ಹಾಗಾಗಿ ಕ್ಲಚ್ ಜಾರಿದರೆ ಕಿಕ್ಕೂ ಜಾರುತ್ತದೆ. ಆದರೆ ಕಿಕ್ಕಿನ ಹಲ್ಲುಚಕ್ರ, ಅಂದರೆ ರ‍್ಯಾಚೆಟ್ ಸವೆದಿದ್ದರೂ ಕಿಕ್ ಜಾರುತ್ತದೆ. ವ್ಯತ್ಯಾಸ ಅಂಗಾಲಿಗೇ ಗೊತ್ತಾಗುತ್ತದೆ: ರ‍್ಯಾಚೆಟ್ ಆದರೆ ಕಟಕ್ ಎಂದು ಹಲ್ಲು ಹಾರಿದ ಏಟು, ಕ್ಲಚ್ ಆದರೆ ಸದ್ದಿಲ್ಲದೆ ಮೆತ್ತಗೆ ಕೆಳಗಿಳಿಯುತ್ತದೆ. ಇನ್ನೂ ಅನುಮಾನವಿದ್ದರೆ ಇಂಜಿನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಕ್ಲಚ್ ಹಿಡಿಯದೆ ಗಾಡಿಯನ್ನು ಜೋರಾಗಿ ತಳ್ಳಿ. ಕಂಪ್ರೆಷನ್ ಸಿಕ್ಕಿ ಗಾಡಿ ತಡೆದು ನಿಲ್ಲಬೇಕು. ಇಂಜಿನ್ ತಿರುಗದೆ ಗಾಡಿ ಮಾತ್ರ ಸರಾಗವಾಗಿ ಉರುಳಿದರೆ ಕ್ಲಚ್ಚೇ.

ಈಗ ಕೇಬಲ್. ಹ್ಯಾಂಡಲ್ಲಿನ ಲಿವರ್ ಬುಡದಲ್ಲಿ 2ರಿಂದ 3 ಮಿ.ಮೀ. ಆಟ, ಅಂದರೆ ಸಡಿಲ, ಇರಬೇಕು. ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ತೂರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಮತ್ತೆ ನೋಡಿ. ಒಂದು ಕಡೆ ತಿರುಗಿಸಿದಾಗ ಆಟ ಮಾಯವಾದರೆ ಹೊಸ ಕೇಬಲ್ಲನ್ನು ತಪ್ಪು ದಾರಿಯಲ್ಲಿ ಎಳೆದಿದ್ದಾರೆ, ಅಥವಾ ಅದು ಟ್ಯಾಂಕಿನ ಕೆಳಗೆ ಸಿಕ್ಕಿಕೊಂಡಿದೆ.

ಇಷ್ಟು ಎಲ್ಲರೂ ಮಾಡುತ್ತಾರೆ. ಇದರ ನಂತರದ ಕೆಲಸವನ್ನು ಬಹಳ ಜನ ಮಾಡುವುದಿಲ್ಲ. ಗೇರ್‌ಬಾಕ್ಸಿನ ಬಲಗಡೆ ಒಂದು ಪುಟ್ಟ ಮುಚ್ಚಳ ಇದೆ. ತೆಗೆದರೆ ಒಳಗೆ ಒಂದು ಸ್ಕ್ರೂ, ಅದರ ಮೇಲೊಂದು ಲಾಕ್‌ನಟ್. ಅಲ್ಲಿಂದ ಶುರುವಾಗುವ ಪುಷ್‌ರಾಡ್ ಗೇರ್‌ಬಾಕ್ಸ್ ಶಾಫ್ಟಿನ ಹೊಟ್ಟೆಯೊಳಗೆ ಹಾದು ಎಡಗಡೆಯಲ್ಲಿ ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟನ್ನು ತಳ್ಳುತ್ತದೆ. ಪ್ಲೇಟ್ ಸವೆದಷ್ಟೂ ಪ್ರೆಷರ್ ಪ್ಲೇಟ್ ಒಳಕ್ಕೆ ಸರಿದು ಈ ರಾಡಿನ ಹತ್ತಿರ ಬರುತ್ತದೆ. ಅಂದರೆ ಹಳೆಯದಾದಂತೆ ಕ್ಲಚ್ಚಿನ ಆಟ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಗೆ ನೀವು ಲಿವರ್ ಮುಟ್ಟದಿದ್ದರೂ ರಾಡ್ ಪ್ಲೇಟನ್ನು ಸದಾ ಒಂದು ಕೂದಲೆಳೆ ತಳ್ಳಿಕೊಂಡೇ ಇರುತ್ತದೆ. ತಣ್ಣಗಿದ್ದಾಗ ಹೇಗೋ ನಡೆಯುತ್ತದೆ, ಬಿಸಿಗೆ ಹಿಗ್ಗಿದಾಗ ಉಳಿದಿದ್ದ ಸಂದೂ ಮುಚ್ಚುತ್ತದೆ. ನಿಮ್ಮ ನಂದಿ ಬೆಟ್ಟದ ಕಥೆ ಇದೇ ಎಂದು ನನ್ನ ಊಹೆ. ಹಳೇ ಕೇಬಲ್ ಎಳೆದುಕೊಂಡು ಸಡಿಲವಾಗಿದ್ದುದರಿಂದ ದೋಷ ಮುಚ್ಚಿಹೋಗಿತ್ತು, ಹೊಸ ಬಿಗಿ ಕೇಬಲ್ ಅದನ್ನು ಬಯಲಿಗೆ ತಂದಿದೆ.

ಅಡ್ಜಸ್ಟ್ ಮಾಡುವುದು ಇಂಜಿನ್ ತಣ್ಣಗಿರುವಾಗ. ಮೊದಲು ಕೇಬಲ್ ಅಡ್ಜಸ್ಟರನ್ನು ಪೂರ್ತಿ ಸಡಿಲ ಬಿಡಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ. ಲಾಕ್‌ನಟ್ ಸಡಿಲಿಸಿ ಸ್ಕ್ರೂವನ್ನು ಎರಡೇ ಬೆರಳಿನ ಬಲದಲ್ಲಿ ಒಳಕ್ಕೆ ತಿರುಗಿಸಿ. ಸಲೀಸಾಗಿ ಹೋಗುತ್ತಿದ್ದದ್ದು ಒಂದು ಕಡೆ ತಟ್ಟನೆ ತಾಗಿದಂತಾಗುತ್ತದೆ, ಅದೇ ರಾಡ್. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ. ಈಗ ಲಾಕ್‌ನಟ್ ಬಿಗಿಸುವಾಗ ಸ್ಕ್ರೂ ಕೂಡ ಜೊತೆಗೆ ತಿರುಗಲು ನೋಡುತ್ತದೆ, ಸ್ಕ್ರೂಡ್ರೈವರಿನಿಂದ ಅದನ್ನು ಅದುಮಿ ಹಿಡಿದೇ ಪಾನಾ ಹಾಕಿ. ಬಿಗಿಯಾದ ಮೇಲೆ ಕೇಬಲ್ಲಿನಲ್ಲಿ ಆ ಎರಡು ನಾಣ್ಯದ ಆಟ ಕೊಡಿ. ಒಂದು ಸುತ್ತು ಓಡಿಸಿ ಬಂದು, ಬಿಸಿಯಲ್ಲೂ ಆಟ ಉಳಿದಿದೆಯೇ ನೋಡಿ.

ಇದಕ್ಕೂ ಬಗ್ಗದಿದ್ದರೆ ಆಯಿಲ್. ಗಾಡಿಯನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಚೈನ್‌ಕೇಸಿನ ಲೆವೆಲ್ ಸ್ಕ್ರೂ ತೆಗೆಯಿರಿ. ಧಾರೆಯಾಗಿ ಸುರಿದರೆ ಯಾರೋ ಧಾರಾಳವಾಗಿ ತುಂಬಿಸಿದ್ದಾರೆ, ಹೆಚ್ಚಾದದ್ದು ಸೋರಿಹೋಗಲಿ. ಯಾವ ಆಯಿಲ್ ಹಾಕಿದ್ದಾರೆ ಎಂದೂ ಕೇಳಿ. ಕಾರಿಗೆಂದು ಮಾಡಿದ, ಮೈಲೇಜ್ ಹೆಚ್ಚಿಸುತ್ತದೆ ಎಂದು ಡಬ್ಬದ ಮೇಲೆ ಬರೆದ ಆಯಿಲ್‌ಗಳಲ್ಲಿ ಜಾರಿಕೆಯ ಮದ್ದು ಬೆರೆತಿರುತ್ತದೆ. ಆಯಿಲ್ಲಿನಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಅದು ಆಗಿಬರುವುದಿಲ್ಲ. ಡಬ್ಬದ ಹಿಂದೆ ಜಾಸೋ ಎಂ.ಎ. (ಇಂಥ ಕ್ಲಚ್ಚಿಗೆ ಹೊಂದುವ ಬೈಕ್ ಆಯಿಲ್ಲಿನ ಗುರುತು) ಎಂದಿರುವುದನ್ನು ತೆಗೆದುಕೊಳ್ಳಿ.

ಕೊನೆಗೆ ಪ್ಲೇಟ್. ನಿಮ್ಮ ಗಾಡಿಗೆ ಗೇರ್ ಬಲಗಡೆ, ಬ್ರೇಕ್ ಎಡಗಡೆ. ಹಾಗಾಗಿ ಎಡಗಡೆಯ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಎರಡನ್ನೂ ತೆಗೆದರೆ ಚೈನ್‌ಕೇಸ್ ಕವರ್ ನಡುವಿನ ಒಂದೇ ನಟ್ಟಿನ ಮೇಲೆ ನಿಂತಿರುವುದು ಕಾಣುತ್ತದೆ. (ಸೋರುತ್ತದೆ ಎಂದು ಆ ನಟ್ಟನ್ನು ಜೀವ ಹೋಗುವಂತೆ ಬಿಗಿಸುವವರಿದ್ದಾರೆ. ಕವರ್ ಸೊಟ್ಟಗಾಗಿ ಇನ್ನೂ ಸೋರುತ್ತದೆ.) ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಉಕ್ಕಿನವನ್ನು ಕಿಟಕಿ ಗಾಜಿನ ಮೇಲಿಟ್ಟು ನೋಡಿ. ಅಲುಗಾಡಿದರೆ ಬೆಂಡಾಗಿದೆ, ನೀಲಿ ತಿರುಗಿದ್ದರೆ ಸುಟ್ಟಿದೆ. ಫ್ರಿಕ್ಷನ್ ಪ್ಲೇಟ್ ಬರೀ ಕನ್ನಡಿಯಂತೆ ಹೊಳೆಯುತ್ತಿದ್ದು ದಪ್ಪ ಉಳಿದಿದ್ದರೆ ಎಮರಿ ಪೇಪರಿನಲ್ಲಿ ಲಘುವಾಗಿ ಉಜ್ಜಿ ಮತ್ತೆ ಹಾಕಬಹುದು. ಹೊಸದೇ ಬೇಕೆಂದಾದರೆ ಹಳೇ ಪ್ಲೇಟನ್ನು ಕೈಯಲ್ಲಿ ಹಿಡಿದೇ ಜೆ.ಸಿ. ರಸ್ತೆಗೆ ಹೋಗಿ, ಕಚ್ಚುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ ಕೊಳ್ಳಿ. ಹಾಕುವ ಮುಂಚಿನ ರಾತ್ರಿ ಹೊಸ ಪ್ಲೇಟುಗಳನ್ನು ಅದೇ ಆಯಿಲ್ಲಿನಲ್ಲಿ ನೆನೆಸಿಡಿ. ಸ್ಪ್ರಿಂಗುಗಳನ್ನು ಹೊಸದರ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಸ್ಪ್ರಿಂಗಿನ ಕೆಳಗೆ ವಾಷರ್ ಇಟ್ಟು ಕೊಡುತ್ತೇನೆ ಎಂದರೆ ಮಾತ್ರ ಒಪ್ಪಬೇಡಿ. ಜಾರುವುದು ತಾತ್ಕಾಲಿಕವಾಗಿ ನಿಲ್ಲುತ್ತದೆ, ಲಿವರ್ ಕಲ್ಲಾಗುತ್ತದೆ. ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ನಿಮ್ಮ ಎಡಗೈ ಹೋಗಿರುತ್ತದೆ, ಇಲ್ಲವೇ ಕೇಬಲ್. ಹಾಗೆಯೇ ಫ್ಲೈಓವರ್ ಏರಿನ ಟ್ರಾಫಿಕ್ಕಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದರೆ ಬಿಡಿ.

ಅಂದಹಾಗೆ, ವಿಂಟೇಜ್ ಎಂದಿದ್ದೀರಿ. 2021ರ ಕೇಂದ್ರ ನಿಯಮದ ಲೆಕ್ಕದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ವಿಂಟೇಜ್ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಆಫೀಸಿಗೆ ಅದರಲ್ಲೇ ಹೋಗುವ ನೀವು ಅವಸರ ಮಾಡಬೇಡಿ.

ಪ್ರಶ್ನೆ: ನನ್ನ ಬುಲೆಟ್ ಜಾರುವುದಿಲ್ಲ, ಆದರೆ ಬೆಳಗ್ಗೆ ಮೊದಲ ಗೇರ್ ಹಾಕಿದ ಕೂಡಲೇ ಢಣ್ ಎಂದು ಮುಂದಕ್ಕೆ ನೆಗೆಯುತ್ತದೆ.
ಮಲ್ಲೇಶ್ವರದ ಓದುಗರು

ಉತ್ತರ: ರಾತ್ರಿಯೆಲ್ಲ ನಿಂತು ಪ್ಲೇಟುಗಳು ಒಂದಕ್ಕೊಂದು ಅಂಟಿವೆ. ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ಪೂರ್ತಿ ಹಿಡಿದು ನಾಲ್ಕಾರು ಸಲ ಕಿಕ್ ತುಳಿಯಿರಿ, ಬಿಟ್ಟುಕೊಳ್ಳುತ್ತವೆ. ಬಿಸಿಯಾದ ಮೇಲೂ ನೆಗೆದರೆ ಲಿವರಿನಲ್ಲಿ ಆಟ ಜಾಸ್ತಿಯಾಗಿದೆ.

ಪ್ರಶ್ನೆ: ಮಾವನವರ ಜಾವಾ 250 ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು ಎನ್ನುತ್ತಾರೆ. ನಿಜವೇ?
ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಿಜ. ಮೈಸೂರಿನಲ್ಲಿ 1961ರಿಂದ ತಯಾರಾದ ಆ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದಾಗ ಅದೇ ಒಳಗಿನಿಂದ ಕ್ಲಚ್ಚನ್ನೂ ಬಿಡಿಸುತ್ತದೆ. ಓಡುವಾಗ ಬೇಕಾದರೆ ಮಾಡಿ ನೋಡಿ. ನಿಂತಲ್ಲಿಂದ ಹೊರಡುವಾಗ ಮಾತ್ರ ಕೈಯ ಕ್ಲಚ್ಚನ್ನೇ ಬಳಸಿ, ಕಾಲಲ್ಲಿ ಅಷ್ಟು ನಾಜೂಕಾಗಿ ಬಿಡಲು ಬರುವುದಿಲ್ಲ. ಕ್ಲಚ್ ಅಡ್ಜಸ್ಟ್ ಮಾಡಿಸಿದಾಗಲೆಲ್ಲ ಕೈಯಿಂದಲೂ ಕಾಲಿನಿಂದಲೂ ಬಿಡುತ್ತಿದೆಯೇ ಎಂದು ಎರಡನ್ನೂ ನೋಡಿಯೇ ಗ್ಯಾರೇಜಿನಿಂದ ಗಾಡಿ ತೆಗೆಯಿರಿ.