ಸೈಕಲಾಜಿಕಲ್ ಥ್ರಿಲ್ಲರ್: ಕೊನೆಗೆ 'ಹೀರೋಗೇ ಹುಚ್ಚು' ಅಂದುಬಿಟ್ಟರೆ ಸಾಕಾ?

ಇಪ್ಪತ್ತು ನಿಮಿಷದ ಕಿರುಚಿತ್ರ ಬರೆಯುತ್ತಿದ್ದೀರಿ, ಕೊನೆಯಲ್ಲಿ ಹೀರೋಗೇ ಹುಚ್ಚು ಅಂತ ಗೊತ್ತಾಗುತ್ತದೆ, ಇಷ್ಟಿದ್ದರೆ ಅದು ಸೈಕಲಾಜಿಕಲ್ ಥ್ರಿಲ್ಲರ್ ಆಗುತ್ತಾ, ಬೇರೆ ಏನೇನು ಬೇಕು ಅಂತ ಕೇಳಿದ್ದೀರಿ. ಸಾಲದು. ಪೆಟ್ಟು ತಿಂದವನಾಗಿ ಹೇಳುತ್ತಿದ್ದೇನೆ.

ಕಾಲೇಜಿನಲ್ಲಿದ್ದಾಗ ನಾವು ನಾಲ್ಕು ಜನ ಸೇರಿ ಇಂಥದ್ದೇ ಒಂದು ಮಾಡಿದ್ದೆವು. ಹದಿನೆಂಟು ನಿಮಿಷ ಒಬ್ಬ ಹುಡುಗನ ಹಿಂದೆ ಯಾರೋ ಬರುತ್ತಾರೆ, ಕೊನೆಗೆ ಅವನು ಹಾಸಿಗೆಯಲ್ಲಿ ಧಡಕ್ಕನೆ ಎದ್ದು ಕೂರುತ್ತಾನೆ. ಎಲ್ಲಾ ಕನಸು! ನಮಗೆ ಅದು ಭಾರಿ ಐಡಿಯಾ ಅನ್ನಿಸಿತ್ತು. ತೋರಿಸಿದ ದಿನ ಹಿಂದಿನ ಬೆಂಚಿನಿಂದ ಒಬ್ಬ "ಹಂಗಾದ್ರೆ ನಾನ್ಯಾಕೆ ಇಷ್ಟೊತ್ತು ಹೆದ್ರಕೊಂಡೆ ಗುರೂ?" ಅಂದ. ಇಡೀ ಕ್ಲಾಸು ನಕ್ಕಿತು. ಅವನು ತಮಾಷೆಗೆ ಕೇಳಿದ್ದು, ಆದರೆ ಇಂಥ ಸಿನಿಮಾಗಳ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಅದು.

(ಮುಂದೆ ಕೆಲವು ಸಿನಿಮಾಗಳ ಕೊನೆಯನ್ನು ಹೇಳಿಬಿಡುತ್ತೇನೆ. ಆಮೇಲೆ ಬೈಯಬೇಡಿ.)

ಮಾಮೂಲಿ ಥ್ರಿಲ್ಲರಿನಲ್ಲಿ ಅಪಾಯ ಹೊರಗಿರುತ್ತದೆ. ಕಳ್ಳ ಇದ್ದಾನೆ, ಬಾಂಬ್ ಇದೆ, ಓಡಬೇಕು. ಇಲ್ಲಿ ನಮ್ಮನ್ನು ಒಬ್ಬರ ತಲೆಯೊಳಗೆ ಕೂರಿಸಿ ಚಿಲಕ ಹಾಕುತ್ತಾರೆ. ಅವರಿಗೆ ಕಂಡದ್ದಷ್ಟೇ ನಮಗೂ ಕಾಣುವುದು, ಅವರಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು 'ಮೆಮೆಂಟೊ' (2000) ಮತ್ತು 'ಗಜಿನಿ' ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ನಾಯಕನಿಗೆ ಹೊಸ ನೆನಪು ನಿಲ್ಲುವುದಿಲ್ಲ, ಎರಡರಲ್ಲೂ ಮೈ ಮೇಲೆ ಹಚ್ಚೆ, ಕೈಯಲ್ಲಿ ಫೋಟೊ. 'ಮೆಮೆಂಟೊ'ದಲ್ಲಿ ಬಣ್ಣದ ದೃಶ್ಯಗಳು ಕೊನೆಯಿಂದ ಮೊದಲಿಗೆ ಬರುತ್ತವೆ, ಅಂದರೆ ಪ್ರತಿ ಸಲ ದೃಶ್ಯ ಶುರುವಾದಾಗ ಅವನು ಅಲ್ಲಿಗೆ ಹೇಗೆ ಬಂದ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಕಾಯಿಲೆ ನಮಗೇ ಬಂದ ಹಾಗಾಗುತ್ತದೆ. 'ಗಜಿನಿ'ಯಲ್ಲಿ (ತಮಿಳು 2005, ಹಿಂದಿ 2008) ಡೈರಿಯ ಮೂಲಕ ಹಳೆಯ ಕಥೆಯೆಲ್ಲ ನಮಗೆ ಗೊತ್ತಾಗುತ್ತದೆ, ಮರೆಯುವವನು ಅವನೊಬ್ಬನೇ. ನಾವು ಆರಾಮಾಗಿ ಹೊರಗೆ ಕೂತು ಅಯ್ಯೋ ಪಾಪ ಅನ್ನುತ್ತೇವೆ. ಅದು ಪ್ರೇಮಕಥೆ, ಸೇಡಿನ ಕಥೆ. ಚೆನ್ನಾಗಿಯೇ ಇದೆ, ಆದರೆ ಜಾತಿ ಬೇರೆ. ಕಾಯಿಲೆ ಇದ್ದ ಮಾತ್ರಕ್ಕೆ ಸೈಕಲಾಜಿಕಲ್ ಆಗುವುದಿಲ್ಲ, ಅಲ್ವಾ?

ಹಾಗೆ ನೋಡಿದರೆ ಕಾಯಿಲೆಯೇ ಬೇಕಿಲ್ಲ. 1944ರ 'ಗ್ಯಾಸ್‌ಲೈಟ್'ನಲ್ಲಿ ಇಂಗ್ರಿಡ್ ಬರ್ಗ್‌ಮನ್ ಪಾತ್ರದ ತಲೆ ನೆಟ್ಟಗೇ ಇದೆ. ಗಂಡ ಅಟ್ಟದ ಮೇಲೆ ಕದ್ದು ಒಡವೆ ಹುಡುಕುತ್ತಾನೆ. ಅಲ್ಲಿ ದೀಪ ಹಚ್ಚಿದಾಗ ಗ್ಯಾಸು ಹಂಚಿಹೋಗಿ ಕೆಳಗಿನ ಕೋಣೆಯ ದೀಪ ಸಣ್ಣಗಾಗುತ್ತದೆ. ಅವಳಿಗೆ ಅದು ಕಾಣುತ್ತದೆ. ಎಲ್ಲಾ ನಿನ್ನ ಭ್ರಮೆ ಅಂತ ಅವಳನ್ನು ದಿನಾ ನಂಬಿಸುತ್ತಾನೆ. ಈಗ ಎಲ್ಲರ ಬಾಯಲ್ಲೂ ಇರುವ 'ಗ್ಯಾಸ್‌ಲೈಟಿಂಗ್' ಅನ್ನುವ ಮಾತು ಆ ಕಥೆಯಿಂದಲೇ ಬಂದದ್ದು. ರಕ್ತ ಇಲ್ಲ, ದೆವ್ವ ಇಲ್ಲ, ಒಂದು ದೀಪ ಮಂಕಾದರೆ ಎದೆ ಡವಡವ ಅನ್ನುತ್ತದೆ.

ಈಗ ನಿಮ್ಮ ಟ್ವಿಸ್ಟಿಗೆ ಬರೋಣ. ನನ್ನ ಪ್ರಕಾರ ನಿಯಮ ಒಂದೇ: ಬಚ್ಚಿಡಬಹುದು, ಸುಳ್ಳು ಹೇಳಬಾರದು. ಥ್ರಿಲ್ಲರಿಗೇ ಹೆಸರಾದ ನಿರ್ದೇಶಕ ಹಿಚ್‌ಕಾಕ್‌ನಂಥವನೇ ಇಲ್ಲಿ ಎಡವಿದ್ದಾನೆ. 'ಸ್ಟೇಜ್ ಫ್ರೈಟ್' (1950) ಶುರುವಾಗುವುದೇ ಒಬ್ಬ ಹೇಳುವ ಫ್ಲ್ಯಾಶ್‌ಬ್ಯಾಕಿನಿಂದ, ಕೊನೆಗೆ ನೋಡಿದರೆ ಅದು ಅವನು ಕಟ್ಟಿದ ಕಥೆ. ಜನಕ್ಕೆ ಸಿಟ್ಟು ಬಂತು. ಬಾಯಲ್ಲಿ ಸುಳ್ಳು ಹೇಳಿದರೆ ಪಾತ್ರದ ತಪ್ಪು, ಪರದೆಯ ಮೇಲೇ ತೋರಿಸಿದರೆ ನಿರ್ದೇಶಕನೇ ಮೋಸ ಮಾಡಿದ ಅಂತ ಅನ್ನಿಸುತ್ತದೆ. ಹಾಗೆ ಮಾಡಬಾರದಿತ್ತು ಅಂತ ಮುಂದೆ ಹಿಚ್‌ಕಾಕನೇ ಫ್ರೆಂಚ್ ನಿರ್ದೇಶಕ ಟ್ರೂಫೋ ಹತ್ತಿರ ಒಪ್ಪಿಕೊಂಡ. ಹತ್ತು ವರ್ಷದ ನಂತರ 'ಸೈಕೋ'ದಲ್ಲಿ ಜಾಣನಾಗಿದ್ದ. ಅಲ್ಲಿ ನಾರ್ಮನ್ ಅನ್ನುವವನ ತಾಯಿ ಸತ್ತು ಎಷ್ಟೋ ವರ್ಷವಾಗಿದೆ, ಅವಳಾಗಿ ಮಾತಾಡುವುದು ಅವನೇ, ಇದು ನಮಗೆ ಗೊತ್ತಾಗುವುದು ಕೊನೆಗೆ. ನಾರ್ಮನ್ ತಾಯಿಯನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಕ್ಯಾಮೆರಾ ತಲೆಯ ಮೇಲಿಂದ ನೋಡುತ್ತದೆ, ಹಾಗಾಗಿ ಅವಳ ಮುಖ ನಮಗೆ ಕಾಣುವುದಿಲ್ಲ. ಬಚ್ಚಿಟ್ಟ, ಸುಳ್ಳು ಹೇಳಲಿಲ್ಲ. ತಾಯಿಯ ದನಿಗೆ ಮಾತ್ರ ಬೇರೆಯವರನ್ನು ಬಳಸಿದ್ದಾನೆ. ಅದು ಸ್ವಲ್ಪ ಮೋಸವೇ, ನಾನಂತೂ ಮಾಫಿ ಮಾಡಿದ್ದೇನೆ.

ನ್ಯಾಯವಾಗಿ ಆಡಿದ ಆಟ ನೋಡಬೇಕು ಅಂದರೆ 'ದಿ ಸಿಕ್ಸ್ತ್ ಸೆನ್ಸ್' (1999) ಎರಡನೇ ಸಲ ನೋಡಿ. ಹೋಟೆಲಿನಲ್ಲಿ ಗಂಡ ತಡವಾಗಿ ಬಂದು ಕೂರುತ್ತಾನೆ, ಮಾತಾಡುತ್ತಾನೆ, ಹೆಂಡತಿ ಮುಖ ಎತ್ತಿಯೂ ನೋಡುವುದಿಲ್ಲ, ಬಿಲ್ ಬಂದಾಗ ಅವನು ಕೈ ಚಾಚುವಷ್ಟರಲ್ಲಿ ಅವಳೇ ಎಳೆದುಕೊಳ್ಳುತ್ತಾಳೆ. ಮೊದಲ ಸಲ ನೋಡಿದಾಗ ಸಂಸಾರದಲ್ಲಿ ಮುನಿಸು ಅಂದುಕೊಳ್ಳುತ್ತೇವೆ. ಎರಡನೇ ಸಲ, ಅವನು ಸತ್ತಿದ್ದಾನೆ ಅಂತ ಗೊತ್ತಿದ್ದು ನೋಡುವಾಗ, ಅದೇ ದೃಶ್ಯಕ್ಕೆ ಹೊಟ್ಟೆ ಕಿವುಚುತ್ತದೆ. ಒಂದು ಫ್ರೇಮೂ ಬದಲಾಗಿಲ್ಲ! ನಮ್ಮ ಹಿಂದಿನ ಬೆಂಚಿನವನಿಗೆ ಇಲ್ಲಿ ಉತ್ತರ ಸಿಗುತ್ತದೆ, ಯಾಕೆಂದರೆ ಅವನು ಪಟ್ಟ ಭಾವನೆ ದಂಡವಾಗಿಲ್ಲ.

ಕನ್ನಡದಲ್ಲಿ 'ಆಪ್ತಮಿತ್ರ' (2004) ಎಲ್ಲರೂ ನೋಡಿರುತ್ತೀರಿ. ಮಲಯಾಳದ 'ಮಣಿಚಿತ್ರತ್ತಾಳ್' (1993) ಅದರ ಮೂಲ. ಹಳೇ ಬಂಗಲೆ, ತೆರೆಯಬಾರದ ಕೋಣೆ, ಅನುಮಾನವೆಲ್ಲ ಇನ್ನೊಬ್ಬ ಹುಡುಗಿಯ ಮೇಲೆ, ಅಷ್ಟರಲ್ಲಿ ಮನೋವೈದ್ಯರ ಪ್ರವೇಶ. ಹಾರರ್ ಸಿನಿಮಾದ ಸಾಮಾನನ್ನೆಲ್ಲ ತಂದು ಜೋಡಿಸಿ ಕೊನೆಗೆ ದೆವ್ವ ಅಲ್ಲ, ಮನಸ್ಸು ಅನ್ನುತ್ತದೆ. ಡಾಕ್ಟರು ಕೂತು ಎಲ್ಲವನ್ನೂ ಬಿಡಿಸಿ ಹೇಳುವುದು ಈ ಸಿನಿಮಾಗಳ ಹಳೇ ಚಾಳಿ, 'ಸೈಕೋ' ಕೊನೆಯಲ್ಲೂ ಇದೆ. ನನಗೆ ಅಲ್ಲಿ ಅದು ಬೋರು. ವಿಷ್ಣುವರ್ಧನ್ ಹೇಳಿದರೆ ಕೇಳಬಹುದು, ನಿಮ್ಮ ಇಪ್ಪತ್ತು ನಿಮಿಷದಲ್ಲಿ ದಯವಿಟ್ಟು ಬೇಡ.

ಇನ್ನು ಕನಸಿನ ವಿಷಯ. ಕನಸು ಅಂತ ಮುಗಿಸಲೇಬಾರದು ಅಂತಲೂ ಅಲ್ಲ. 'ಲೂಸಿಯಾ' (2013) ಮುಗಿಯುವುದು ಹೆಚ್ಚುಕಮ್ಮಿ ಹಾಗೆಯೇ. ಆದರೆ ನಿದ್ದೆ ಬಾರದವನು, ಮಾತ್ರೆ, ಕನಸು ಇವೆಲ್ಲ ಮೊದಲಿನಿಂದಲೇ ಕಣ್ಣೆದುರಿಗಿವೆ. ಟಾರ್ಚ್ ಹಿಡಿದು ಸೀಟು ತೋರಿಸುವವನ ಬದುಕು ಬಣ್ಣದಲ್ಲಿದೆ, ಸಿನಿಮಾ ಸ್ಟಾರಿನ ಬದುಕು ಕಪ್ಪುಬಿಳುಪಿನಲ್ಲಿದೆ. ಬಣ್ಣ ಇದ್ದದ್ದೇ ನಿಜ ಅಂತ ನಂಬಿದ್ದು ನಾವು. ಯಾರೂ ನಮಗೆ ಹಾಗೆ ಹೇಳಿರಲಿಲ್ಲ.

ಕನ್ನಡಿ, ಮಳೆ, ಉದ್ದನೆಯ ಮೆಟ್ಟಿಲು, ಯಾರೂ ನಂಬದ ಹೆಂಗಸು ಇವೆಲ್ಲ ಬೇಕಿದ್ದರೆ ಬಳಸಿ, ಇಲ್ಲದಿದ್ದರೆ ಬಿಡಿ. ಒಂದನ್ನು ಮಾತ್ರ ಸುಮ್ನೆ ಬಳಸಬೇಡಿ: ಮಾನಸಿಕ ಕಾಯಿಲೆ ಇದೆ, ಅದಕ್ಕೇ ಕೊಲೆ ಮಾಡಿದ ಅನ್ನುವುದು. ಅಂಥ ಕಾಯಿಲೆ ಇರುವವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಅವರು ಚಾಕು ಹುಡುಕುತ್ತಿರುವುದಿಲ್ಲ, ಮಾತ್ರೆ ನುಂಗಿ ಆಫೀಸಿಗೆ ಹೋಗುತ್ತಾರೆ.

ನಿಮ್ಮ ಹೀರೋಗೆ ಮಾತ್ರ ಕಾಣುವ ಒಬ್ಬ ಗೆಳೆಯ ಇದ್ದಾನೆ ಅಂತಲೂ ಬರೆದಿದ್ದೀರಲ್ಲ. ಸ್ಕ್ರಿಪ್ಟ್ ತೆಗೆದು ಅವನಿರುವ ದೃಶ್ಯಗಳನ್ನು ಮಾತ್ರ ಓದಿ. ಇಬ್ಬರೂ ಹೋಟೆಲಿಗೆ ಹೋದಾಗ ಎಷ್ಟು ಕಾಫಿ ಬರುತ್ತದೆ? ಸಪ್ಲೈಯರ್ ಯಾರ ಮುಖ ನೋಡಿ ಕೇಳುತ್ತಾನೆ? ಎರಡು ಲೋಟ ಬಂದರೆ ಒಂದು ತಣ್ಣಗಾಗಿ ಕೆನೆ ಕಟ್ಟಿರಬೇಕು, ಮತ್ತು ಅದು ಕ್ಯಾಮೆರಾಕ್ಕೆ ಕಾಣಬೇಕು.