ಹೊಸ ಸಿಂಟ್ಯಾಕ್ಸ್ ಪ್ರಸ್ತಾವವನ್ನು ತೂಗಿ ನೋಡುವುದು ಹೇಗೆ?

ಪ್ರಶ್ನೆ: ನಾನು ಬಹುಕಾಲದಿಂದ ಬಳಸುತ್ತಿರುವ ಪ್ರೋಗ್ರಾಮಿಂಗ್ ಭಾಷೆಗೆ ಹೊಸ ಸಿಂಟ್ಯಾಕ್ಸ್, ಅಂದರೆ ಕೋಡ್ ಬರೆಯುವ ಹೊಸ ರೂಪ, ಸೇರಿಸಬೇಕೆಂಬ ಪ್ರಸ್ತಾವಗಳು ಬರುತ್ತಲೇ ಇರುತ್ತವೆ. ಕೋಡ್ ಚಿಕ್ಕದಾಗುತ್ತದೆ ಎಂದು ಕೆಲವರು, ಇರುವುದೇ ಸಾಕು ಎಂದು ಕೆಲವರು ವಾದಿಸುತ್ತಾರೆ. ಇವನ್ನು ಯಾವ ಮಾನದಂಡದಿಂದ ಅಳೆಯಬೇಕು?

ಉತ್ತರ: ಕೋಡ್ ಚಿಕ್ಕದಾಗುತ್ತದೆ ಎಂಬುದೊಂದೇ ಕಾರಣವಾದರೆ ಅದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಲೈಬ್ರರಿಗೆ, ಅಂದರೆ ಸಿದ್ಧ ಕೋಡಿನ ಸಂಗ್ರಹಕ್ಕೆ, ಹೊಸ ಫಂಕ್ಷನ್ (ಹೆಸರಿಟ್ಟು ಕರೆಯಬಹುದಾದ ಕೋಡಿನ ತುಣುಕು) ಸೇರಿದರೆ ಬೇಕಾದವರು ಬಳಸುತ್ತಾರೆ, ಬೇಡದವರು ಅದರ ಗೋಜಿಗೆ ಹೋಗುವುದಿಲ್ಲ. ಆದರೆ ಹೊಸ ಸಿಂಟ್ಯಾಕ್ಸ್ ಅನ್ನು ತಾವು ಎಂದೂ ಬರೆಯದವರೂ ಇತರರ ಕೋಡಿನಲ್ಲಿ ಓದಲೇಬೇಕಾಗುತ್ತದೆ. ಒಮ್ಮೆ ಸೇರಿದ್ದನ್ನು ತೆಗೆದುಹಾಕುವುದಂತೂ ಬಹುತೇಕ ಅಸಾಧ್ಯ. ಆದ್ದರಿಂದ ಬದಲಾವಣೆ ಅಗತ್ಯವೆಂದು ಸಾಧಿಸಿ ತೋರಿಸುವ ಹೊಣೆ ಪ್ರಸ್ತಾವಿಸಿದವರದೇ.

ಗೋ ಭಾಷೆಯ ‘ಟ್ರೈ’ ಪ್ರಸ್ತಾವವನ್ನು ನೋಡಿ. ಫಂಕ್ಷನ್ ಕರೆದಾಗಲೆಲ್ಲ ಎರರ್ ಬಂದಿದೆಯೇ ಎಂದು ಮೂರು ಸಾಲುಗಳಲ್ಲಿ ಪರೀಕ್ಷಿಸುವುದು ಅಲ್ಲಿನ ರೂಢಿ, ಮತ್ತು ಅದು ಬೇಸರ ತರಿಸುತ್ತದೆ ಎಂಬ ದೂರು ನಿಜವೇ. ಆ ಪರೀಕ್ಷೆಯನ್ನು ‘ಟ್ರೈ’ ಎಂಬ ಒಂದೇ ಪದಕ್ಕೆ ಇಳಿಸುವುದು ಪ್ರಸ್ತಾವದ ಉದ್ದೇಶ. ಆದರೆ ಅದು ಬಂದಿದ್ದರೆ, ಒಂದರೊಳಗೊಂದು ಹುದುಗಿದ ಕರೆಗಳ ನಡುವೆಯೇ ಫಂಕ್ಷನ್ನಿನಿಂದ ಹೊರಬೀಳುವ ದಾರಿ ಅಡಗಿ ಕುಳಿತಿರುತ್ತಿತ್ತು. ಓದುವವರ ಕಣ್ಣಿಗೆ ‘ರಿಟರ್ನ್’ ಎಂಬ ಪದವೇ ಬೀಳುತ್ತಿರಲಿಲ್ಲ. ವ್ಯಾಪಕ ವಿರೋಧದ ನಂತರ 2019ರಲ್ಲಿ ಅದನ್ನು ಕೈಬಿಡಲಾಯಿತು. ಬರೆಯುವವರ ಬೇಸರಕ್ಕಿಂತ ಓದುವವರ ಸ್ಪಷ್ಟತೆಗೆ ಬೆಲೆ ಕೊಟ್ಟ ಆ ತೀರ್ಮಾನ ಸರಿಯಾದದ್ದೆಂದೇ ನಾನು ಭಾವಿಸುತ್ತೇನೆ.

ಎರಡನೆಯದಾಗಿ, ಈಗಾಗಲೇ ಓಡುತ್ತಿರುವ ಪ್ರೋಗ್ರಾಮುಗಳಿಗೆ ಏನಾಗುತ್ತದೆ ಎಂದು ಕೇಳಬೇಕು. ಪೈಥಾನ್ 3.7ರಲ್ಲಿ, ಅಂದರೆ 2018ರಲ್ಲಿ, ‘ಅಸಿಂಕ್’ ಪೂರ್ಣ ಕೀವರ್ಡ್ (ಭಾಷೆಯೇ ಕಾದಿರಿಸಿಕೊಂಡ, ಬೇರೆ ಹೆಸರಾಗಿ ಬಳಸಲಾಗದ ಪದ) ಆದಾಗ ಅದೇ ಹೆಸರನ್ನು ಪ್ಯಾರಾಮೀಟರಿಗೆ ಇಟ್ಟಿದ್ದ ಲೈಬ್ರರಿಗಳು ಸಿಂಟ್ಯಾಕ್ಸ್ ದೋಷ ಕೊಟ್ಟು ನಿಂತವು. 2021ರ 3.10ರಲ್ಲಿ ‘ಮ್ಯಾಚ್’ ಬಂದಾಗ ಹಾಗಾಗಲಿಲ್ಲ: ಸಂದರ್ಭ ನೋಡಿ ಮಾತ್ರ ಅದನ್ನು ಕೀವರ್ಡ್ ಎಂದು ಗುರುತಿಸುವ ವ್ಯವಸ್ಥೆ ಮಾಡಿದ್ದರಿಂದ, ಆ ಹೆಸರಿನ ಹಳೆಯ ವೇರಿಯಬಲ್‌ಗಳೂ ಫಂಕ್ಷನ್‌ಗಳೂ ಹಾಗೆಯೇ ಉಳಿದವು.

ಹೀಗೆಂದ ಮಾತ್ರಕ್ಕೆ ಎಲ್ಲ ಪ್ರಸ್ತಾವಗಳನ್ನೂ ತಳ್ಳಿಹಾಕಬೇಕೆಂದಲ್ಲ. ಎಕ್ಸ್‌ಪ್ರೆಶನ್ನಿನ ಒಳಗೇ ಮೌಲ್ಯವನ್ನು ಹೆಸರಿಗೆ ಕೊಡುವ ಪೈಥಾನಿನ ‘:=’ ಕುರಿತ ಚರ್ಚೆ ಎಷ್ಟು ಕಾವೇರಿತೆಂದರೆ, ಅದನ್ನು ಅಂಗೀಕರಿಸಿದ ಬಳಿಕ, 2018ರ ಜುಲೈನಲ್ಲಿ, ಭಾಷೆಯ ಸೃಷ್ಟಿಕರ್ತ ಗಿಡೊ ವಾನ್ ರೊಸಮ್ ಅಂತಿಮ ನಿರ್ಣಯಾಧಿಕಾರವನ್ನೇ ತೊರೆದರು. ಆದರೂ ಫೈಲನ್ನು ತುಂಡುತುಂಡಾಗಿ ಓದುವ ಲೂಪಿನಲ್ಲಿ, ಓದುವ ಸಾಲನ್ನು ಎರಡು ಕಡೆ ಬರೆಯುವ ಅಥವಾ ಕೊನೆಯಿಲ್ಲದ ಲೂಪು ಹಾಕಿ ನಡುವೆ ಮುರಿಯುವ ತೊಂದರೆಯನ್ನು ಅದು ನಿಜಕ್ಕೂ ತಪ್ಪಿಸುತ್ತದೆ.

ನೀವು ಪ್ರಸ್ತಾವದಲ್ಲಿರುವ ಉದಾಹರಣೆಗಳನ್ನು ಬದಿಗಿಡಿ. ಅವನ್ನು ಅದರ ಪರವಾಗಿಯೇ ಆಯ್ದಿರುತ್ತಾರೆ. ‘:=’ ಪ್ರಸ್ತಾವದ ವೇಳೆ ಪೈಥಾನಿನ ಹಿರಿಯ ಡೆವಲಪರ್ ಟಿಮ್ ಪೀಟರ್ಸ್ ತಾವು ಹಿಂದೆಯೇ ಬರೆದಿದ್ದ ಕೋಡನ್ನು ತೆಗೆದು ನೋಡಿ, ಎಲ್ಲಿ ಅದರಿಂದ ಓದು ಸುಲಭವಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಪರಿಶೀಲಿಸಿದರು. ನೀವೂ ನಿಮ್ಮ ಹಳೆಯ ಫೈಲುಗಳನ್ನು ಹಾಗೆಯೇ ತಿದ್ದಿ ನೋಡಿ, ಎರಡೂ ರೂಪಗಳನ್ನು ಆ ಕೋಡಿನ ಪರಿಚಯವಿಲ್ಲದ ಸಹೋದ್ಯೋಗಿಗೆ ಓದಲು ಕೊಡಿ.