ಉಳಿದುಕೊಂಡವಳ ಮಾತು

ಸೋದರಿ,

‘ಮೈ ಅನ್‌ಆರ್ಥಡಾಕ್ಸ್ ಲೈಫ್’ ಸರಣಿಯನ್ನು ಮೆಚ್ಚಿ ಬರೆದಿದ್ದೀರಿ. ಇಂಥ ರಿಯಾಲಿಟಿ ಶೋಗಳು ಧರ್ಮದ ಕಟ್ಟುಪಾಡಿನಲ್ಲಿ ನರಳುವ ಹೆಣ್ಣಿಗೆ ಬಾಗಿಲು ತೆರೆಯುತ್ತವೆ, ನಿಮ್ಮ ಪತ್ರಿಕೆ ಅವುಗಳನ್ನು ಬೆಂಬಲಿಸುವುದಿಲ್ಲವೇಕೆ ಎಂದು ಕೇಳಿದ್ದೀರಿ. ನಿಮ್ಮ ಕಾಳಜಿ ಹಿಡಿಸಿತು, ತೀರ್ಪು ಹಿಡಿಸಲಿಲ್ಲ.

ನ್ಯೂಯಾರ್ಕ್ ರಾಜ್ಯದ ಮಾನ್ಸಿಯ ಕಟ್ಟಾ ಸಂಪ್ರದಾಯಸ್ಥ ಯಹೂದಿ ಸಮುದಾಯವನ್ನು ತೊರೆದು ಫ್ಯಾಷನ್ ಲೋಕದಲ್ಲಿ ಮೇಲೇರಿದ, ಆ ಸರಣಿಯ ಕೇಂದ್ರವಾದ ಜೂಲಿಯಾ ಹಾರ್ಟ್ ಅವರಿಗೆ ತಮ್ಮ ಕಥೆ ಹೇಳಿಕೊಳ್ಳುವ ಪೂರ್ಣ ಹಕ್ಕಿದೆ. ಉಸಿರು ಕಟ್ಟಿದವರು ಹೊರಬರಲೇಬೇಕು. ಆದರೆ 2021ರಲ್ಲಿ ಆ ಸರಣಿ ಬಂದಾಗ ಅದೇ ಪರಂಪರೆಯ ಅನೇಕ ಹೆಂಗಸರು ‘ಮೈ ಆರ್ಥಡಾಕ್ಸ್ ಲೈಫ್’ ಎಂಬ ಹ್ಯಾಶ್‌ಟ್ಯಾಗ್‌ ಹಾಕಿ ತಮ್ಮ ಬದುಕನ್ನು ಬರೆದರು. ಅವರಲ್ಲಿ ವೈದ್ಯರಿದ್ದರು, ವಕೀಲರಿದ್ದರು. ತಾವು ನಂಬಿಕೆಯೊಳಗೆ ಇರುವುದು ತಮ್ಮ ಆಯ್ಕೆಯಿಂದ ಎಂದರು. ಅವರನ್ನು ನೀವು ಓದಿದ್ದೀರಾ? ಬಿಟ್ಟು ಬಂದವಳಿಗೆ ಮಾತ್ರ ಬುದ್ಧಿಯಿದೆ, ಉಳಿದವಳಿಗೆ ಇಲ್ಲ ಎನ್ನುವುದು ಯಾವ ಸ್ತ್ರೀಪರತೆ?

2011ರ ನವೆಂಬರ್‌ನಲ್ಲಿ ಅಮೆರಿಕದ ಟಿಎಲ್‌ಸಿ ವಾಹಿನಿ ‘ಆಲ್-ಅಮೆರಿಕನ್ ಮುಸ್ಲಿಮ್’ ಆರಂಭಿಸಿತು. ಮಿಷಿಗನ್‌ನ ಡಿಯರ್‌ಬಾರ್ನ್‌ನ ಐದು ಕುಟುಂಬಗಳು. ಚೊಚ್ಚಲ ಹೆರಿಗೆಗೆ ಕಾದಿರುವ ದಂಪತಿ, ಹಿಜಾಬ್ ತೊಡಲೋ ಬೇಡವೋ ಎಂದು ತೂಗಿ ನೋಡುವ ಹೆಣ್ಣು, ಮದುವೆಗಾಗಿ ಇಸ್ಲಾಂ ಸ್ವೀಕರಿಸುವ ಗಂಡು. ಒಂದೇ ಮನೆಯ ಅಕ್ಕತಂಗಿಯರಲ್ಲೂ ಆಚರಣೆ ಒಂದೇ ತೆರನಾಗಿರಲಿಲ್ಲ. ಇದನ್ನು ಕಂಡು ಫ್ಲಾರಿಡಾದ ಸಂಘಟನೆಯೊಂದು ಕೆಂಡವಾಯಿತು. ಅದರ ದೂರು ಏನು ಗೊತ್ತೇ? ಇವರನ್ನು ಸಾಮಾನ್ಯ ಜನರಂತೆ ತೋರಿಸಿ ಅಪಾಯವನ್ನು ಮರೆಮಾಚಲಾಗಿದೆ ಎಂಬುದು! ‘ಲೋಸ್’ ಎಂಬ ದೊಡ್ಡ ಮಳಿಗೆ ಸಂಸ್ಥೆ ಜಾಹೀರಾತು ಹಿಂತೆಗೆದುಕೊಂಡಿತು. ವೀಕ್ಷಕರೂ ಸಾಕಷ್ಟು ದೊರೆಯದೆ ಕಾರ್ಯಕ್ರಮ ಒಂದೇ ಸೀಸನ್‌ಗೆ ನಿಂತಿತು. ಇದು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದೇ ವಾಹಿನಿ 2010ರಲ್ಲಿ ಶುರುಮಾಡಿದ ‘ಸಿಸ್ಟರ್ ವೈವ್ಸ್’ ದಶಕ ದಾಟಿ ಓಡಿತು. ಬಹುಪತ್ನಿತ್ವವನ್ನು ಧರ್ಮವೆಂದು ನಂಬಿದ ಮನೆ: ಒಬ್ಬ ಗಂಡ, ನಾಲ್ವರು ಹೆಂಡತಿಯರು. ಅವರಲ್ಲಿ ಮೂವರು ಒಬ್ಬೊಬ್ಬರಾಗಿ ದೂರವಾದದ್ದೂ ಕಂತುಗಳ ಸರಕಾಯಿತು.

ಮನೆ ಮುರಿಯುವುದನ್ನು ನೋಡುವ ಈ ಹಸಿವು ಹಳೆಯದು. 1973ರಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನ ಲೌಡ್ ಕುಟುಂಬದ ದಿನಚರಿಯನ್ನು ತೋರಿಸಿತು. ಚಿತ್ರೀಕರಿಸಿದ್ದು ಸುಮಾರು 300 ಗಂಟೆ, ಪ್ರಸಾರವಾದದ್ದು 12 ಕಂತು. ಜನರ ನೆನಪಿನಲ್ಲಿ ನಿಂತದ್ದು ಹೆಂಡತಿ ಗಂಡನಿಗೆ ಮನೆ ಬಿಡುವಂತೆ ಹೇಳಿದ ಗಳಿಗೆ. ಉಳಿದ ಗಂಟೆಗಳಲ್ಲಿ ಆ ಮನೆಯವರು ಉಂಡಿರಬೇಕು, ನಕ್ಕಿರಬೇಕು, ಒಬ್ಬರನ್ನೊಬ್ಬರು ಸಹಿಸಿರಬೇಕು. ಸಂಕಲನಕಾರನಿಗೆ ಅದು ಬೇಡ. ಪತ್ರಿಕೆಗಳಾದರೂ ಅದನ್ನು ಬರೆಯುತ್ತವೆಯೇ? ವಿಚ್ಛೇದನಕ್ಕೆ ಪುಟಗಟ್ಟಲೆ ಜಾಗ ಕೊಡುತ್ತವೆ. ನಲವತ್ತು ವರ್ಷ ಜೊತೆಗಿದ್ದವರನ್ನು ಮಾತನಾಡಿಸಲು ಒಬ್ಬ ವರದಿಗಾರನನ್ನೂ ಕಳಿಸುವುದಿಲ್ಲ. ಪ್ರಾರ್ಥಿಸುವ ಹೆಣ್ಣು ಸುದ್ದಿಯಾಗಬೇಕಾದರೆ ಆಕೆ ಅಳಬೇಕು, ಇಲ್ಲವೇ ಓಡಿಹೋಗಬೇಕು.

ನೀವು ಚೆನ್ನಾಗಿ ಬರೆಯುತ್ತೀರಿ, ನೇರವಾಗಿಯೂ ಬರೆಯುತ್ತೀರಿ. ಆ ಹ್ಯಾಶ್‌ಟ್ಯಾಗ್‌ನ ಬರಹಗಳನ್ನು ಓದಿ ಇನ್ನೊಂದು ಪತ್ರ ಕಳಿಸಿ. ಆಗಲೂ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅದನ್ನೇ ಬರೆಯಿರಿ, ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ